ಎಸ್‌ಎಸ್‌ಡಿ ಹಾಕಿಸಿದ ಮೇಲೂ ಕಂಪ್ಯೂಟರ್ ಏಳುವುದು ತಡವೇಕೆ?

ಹಳೆಯ ಕಂಪ್ಯೂಟರಿಗೆ ಏನು ಮಾಡಿಸಲಿ ಎಂದು ಯಾರನ್ನೇ ಕೇಳಿ, ಮೊದಲು ಬರುವ ಉತ್ತರ ‘ಎಸ್‌ಎಸ್‌ಡಿ ಹಾಕಿಸಿ’ ಎಂದೇ. ಸಲಹೆ ಸರಿಯಾದದ್ದು. ಎರಡು ನಿಮಿಷ ತಿಣುಕಿ ಏಳುತ್ತಿದ್ದ ಯಂತ್ರ ಇಪ್ಪತ್ತು ಸೆಕೆಂಡಿನ ಆಸುಪಾಸಿನಲ್ಲಿ ಪಾಸ್‌ವರ್ಡ್ ಕೇಳುವಂತಾಗುವುದು ಉತ್ಪ್ರೇಕ್ಷೆಯ ಮಾತಲ್ಲ. ಆದರೆ ದುಡ್ಡು ಕೊಟ್ಟು ಹಾಕಿಸಿಕೊಂಡು ಬಂದ ಮೇಲೂ ‘ಅಂಥಾ ವ್ಯತ್ಯಾಸವೇನೂ ಕಾಣಲಿಲ್ಲಪ್ಪ’ ಎನ್ನುವವರಿದ್ದಾರೆ. ಅಂಗಡಿಯವನು ಕಳಪೆ ಮಾಲು ಕೊಟ್ಟ ಎಂದು ಕೆಲವರ ಗುಮಾನಿ. ಇನ್ನು ಕೆಲವರು ಯಾವುದೋ ವಿಡಿಯೋ ನೋಡಿ ಹತ್ತಾರು ಸೆಟ್ಟಿಂಗ್ ತಿರುಗಿಸಿ, ಇದ್ದದ್ದನ್ನೂ ಕೆಡಿಸಿಕೊಂಡು ಕೂರುತ್ತಾರೆ. ಬಹಳಷ್ಟು ಸಲ ತಪ್ಪು ಡ್ರೈವಿನದಲ್ಲ. ಸೆಕೆಂಡುಗಳು ಸೋರುತ್ತಿರುವ ಜಾಗವೇ ಬೇರೆ.

ಎಸ್‌ಎಸ್‌ಡಿ ಯಾವ ಕೆಲಸವನ್ನು ಚುರುಕು ಮಾಡುತ್ತದೆ ಎಂಬುದು ಮೊದಲು ತಿಳಿದಿರಲಿ. ಲ್ಯಾಪ್‌ಟಾಪಿನ ಸಾಮಾನ್ಯ ಹಾರ್ಡ್ ಡಿಸ್ಕ್ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಬೇಕಾದ ಮಾಹಿತಿ ಇರುವ ಪಥಕ್ಕೆ ಅದರ ಸೂಜಿ ಸರಿದು, ಆ ಜಾಗ ಅಡಿಗೆ ಬರುವ ತನಕ ಕಾಯಬೇಕು. ಹೀಗಾಗಿ ಅಲ್ಲೊಂದು ಇಲ್ಲೊಂದು ಚದುರಿರುವ ಚಿಕ್ಕ ಫೈಲುಗಳನ್ನು ಸೆಕೆಂಡಿಗೆ ನೂರು ಸಲ ಓದುವುದೂ ಅದಕ್ಕೆ ಕಷ್ಟ. ವಿಂಡೋಸ್ ಏಳುವಾಗ ಓದುವುದು ಇಂಥವನ್ನೇ, ಅದೂ ಸಾವಿರಾರು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲದ ಕಾರಣ ಅದೇ ಓದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದಲ್ಲೋ ಅದಕ್ಕೂ ಕಡಿಮೆ ಹೊತ್ತಿನಲ್ಲೋ ಮುಗಿಯುತ್ತದೆ. ವೇಗ ಬರುವುದು ಇಲ್ಲಿಂದ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿರುವ ‘ಸೆಕೆಂಡಿಗೆ ಇಷ್ಟು ಮೆಗಾಬೈಟ್’ ಎಂಬ ಅಂಕಿಗೆ ಬೂಟ್ ಆಗುವ ಹೊತ್ತಿನಲ್ಲಿ ಅಷ್ಟೇನೂ ಕೆಲಸವಿಲ್ಲ. ಸೆಕೆಂಡಿಗೆ 550 ಮೆಗಾಬೈಟ್ ಓದುವ ಸಾಟಾ ಡ್ರೈವಿಗೂ 3500 ಓದುವ ಎನ್‌ವಿಎಂಇ ಡ್ರೈವಿಗೂ ಬೂಟ್ ಆಗುವುದರಲ್ಲಿ ಕಣ್ಣಿಗೆ ಬೀಳುವ ಅಂತರ ಒಂದೆರಡು ಸೆಕೆಂಡು ಇದ್ದರೆ ಹೆಚ್ಚು. ಬರೀ ಬೇಗ ಏಳಲಿ ಎಂಬುದಕ್ಕಾಗಿ ದುಬಾರಿ ಡ್ರೈವ್ ಕೊಳ್ಳಬೇಕಿಲ್ಲ.

ಮೊದಲು ಫೋನಿನ ಸ್ಟಾಪ್‌ವಾಚ್ ತೆಗೆಯಿರಿ

ಕಂಪ್ಯೂಟರ್ ಆನ್ ಆಗುವುದನ್ನು ನಾವು ಒಂದೇ ಘಟನೆ ಎಂದುಕೊಳ್ಳುತ್ತೇವೆ. ಒಳಗೆ ನಡೆಯುವುದು ಮೂರು. ಪವರ್ ಬಟನ್ ಒತ್ತಿದ್ದರಿಂದ ಹಿಡಿದು ತಯಾರಕರ ಲೋಗೋದ ಕೆಳಗೆ ಚುಕ್ಕೆಗಳು ಸುತ್ತಲು ಶುರುವಾಗುವ ತನಕ ಆಳುವುದು ಮದರ್‌ಬೋರ್ಡಿನ ಬಯೋಸ್. ಚುಕ್ಕೆ ಸುತ್ತುವುದರಿಂದ ಪಾಸ್‌ವರ್ಡ್ ಕೇಳುವವರೆಗೆ ವಿಂಡೋಸ್. ಪಾಸ್‌ವರ್ಡ್ ಒತ್ತಿದ ಮೇಲೆ ಬ್ರೌಸರ್ ತೆರೆದು ನಿಜವಾಗಿ ಕೆಲಸ ಮಾಡಬಲ್ಲ ಸ್ಥಿತಿಗೆ ಬರುವ ತನಕ, ನೀವೇ ಹಾಕಿಕೊಂಡ ತಂತ್ರಾಂಶಗಳ ದರ್ಬಾರು. ಎಸ್‌ಎಸ್‌ಡಿಯ ಕೈಗುಣ ನಡೆಯುವುದು ಎರಡನೆಯದರಲ್ಲಿ ಪೂರ್ತಿ, ಮೂರನೆಯದರಲ್ಲಿ ಒಂದಿಷ್ಟು. ಮೊದಲನೆಯದರಲ್ಲಿ ಅದರ ಪಾತ್ರ ಇಲ್ಲವೆಂದರೂ ನಡೆಯುತ್ತದೆ.

ಆದ್ದರಿಂದ ಯಾವ ಸೆಟ್ಟಿಂಗನ್ನೂ ಮುಟ್ಟುವ ಮುಂಚೆ ಫೋನಿನ ಸ್ಟಾಪ್‌ವಾಚ್ ಹಿಡಿದು ಈ ಮೂರನ್ನೂ ಬೇರೆಬೇರೆಯಾಗಿ ಅಳೆದು ಒಂದು ಚೀಟಿಯಲ್ಲಿ ಬರೆದಿಡಿ. ಒಮ್ಮೆ ಶಟ್‌ಡೌನ್ ಮಾಡಿ ಆನ್ ಮಾಡಿದಾಗಿನ ಲೆಕ್ಕ, ಇನ್ನೊಮ್ಮೆ ರೀಸ್ಟಾರ್ಟ್ ಮಾಡಿದಾಗಿನ ಲೆಕ್ಕ. ಎರಡೂ ಯಾಕೆಂಬುದು ಮುಂದೆ ಗೊತ್ತಾಗುತ್ತದೆ. ಮೊದಲ ಭಾಗಕ್ಕೆ ವಿಂಡೋಸ್ ತಾನೇ ಲೆಕ್ಕ ಇಟ್ಟಿರುತ್ತದೆ: ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಸ್ಟಾರ್ಟಪ್ ಪುಟಕ್ಕೆ ಹೋದರೆ ಬಲ ಮೂಲೆಯಲ್ಲಿ ‘ಲಾಸ್ಟ್ ಬಯೋಸ್ ಟೈಮ್’ ಎಂದು ಸೆಕೆಂಡುಗಳ ಲೆಕ್ಕ ಕಾಣಿಸುತ್ತದೆ. ಅಲ್ಲಿ 5, 8, 10 ಎಂದಿದ್ದರೆ ಗಾಬರಿಯಿಲ್ಲ. 25 ಎಂದಿದ್ದರೆ ವಿಂಡೋಸ್ ಒಳಗೆ ನೀವು ಏನೇ ಮಾಡಿದರೂ ಆ 25 ಹಾಗೇ ಉಳಿಯುತ್ತದೆ. ಆ ಸಾಲೇ ಕಾಣದಿದ್ದರೆ ನಿಮ್ಮ ಯಂತ್ರ ಹಳೆಯ ಲೆಗಸಿ ವಿಧಾನದಲ್ಲಿ ಬೂಟ್ ಆಗುತ್ತಿರುವ ಸಾಧ್ಯತೆ ಹೆಚ್ಚು.

ವಿಂಡೋಸ್ ಇರುವುದು ಯಾವ ಡ್ರೈವಿನಲ್ಲಿ?

ನಗಬೇಡಿ, ಬಹಳ ಜನ ಎಡವುವುದು ಇಲ್ಲೇ. ನಮ್ಮ ಮನೆಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಈಗಲೂ ದುಡಿಯುತ್ತಿರುವ ಒಂದು ಮಾದರಿ ಲ್ಯಾಪ್‌ಟಾಪ್ ತೆಗೆದುಕೊಳ್ಳೋಣ. 2015ರ ಸುಮಾರಿನದು, ಐದನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ಪಕ್ಕದಲ್ಲೊಂದು ಡಿವಿಡಿ ಡ್ರೈವ್. ರಿಪೇರಿಯವರು ಇದರ ಡಿವಿಡಿ ಡ್ರೈವ್ ಬಿಚ್ಚಿ, ಆ ಜಾಗದಲ್ಲಿ ಕ್ಯಾಡಿ ಎನ್ನುವ ಚೌಕಟ್ಟು ಕೂರಿಸಿ, ಅದರೊಳಗೆ 240 ಜಿಬಿಯ ಹೊಸ ಎಸ್‌ಎಸ್‌ಡಿ ಇಟ್ಟು ಕೊಡುತ್ತಾರೆ. ಹಳೆಯ ಡಿಸ್ಕ್ ಇದ್ದಲ್ಲೇ ಇರುತ್ತದೆ. ವಿಂಡೋಸ್ ಕೂಡ ಹಳೆಯ ಡಿಸ್ಕಿನಲ್ಲೇ ಉಳಿದುಬಿಟ್ಟಿದ್ದರೆ? ಎಸ್‌ಎಸ್‌ಡಿ ಖಾಲಿ ಗೋದಾಮಿನಂತೆ ಸುಮ್ಮನೆ ಬಿದ್ದಿರುತ್ತದೆ.

ಪತ್ತೆಹಚ್ಚುವುದು ಸುಲಭ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಕೆಳಭಾಗದಲ್ಲಿ ಡಿಸ್ಕ್ 0, ಡಿಸ್ಕ್ 1 ಎಂದು ಎರಡು ಪಟ್ಟಿಗಳು ಕಾಣುತ್ತವೆ. ಎಡಗಡೆಯ ಬೂದು ಚೌಕದಲ್ಲಿ ಒಟ್ಟು ಗಾತ್ರ ಬರೆದಿರುತ್ತದೆ. 1 ಟಿಬಿ ಡಿಸ್ಕು ಅಲ್ಲಿ 931 ಜಿಬಿ ಎಂದೂ 240 ಜಿಬಿಯದು 223 ಎಂದೂ ತೋರುತ್ತದೆ. ಮೋಸವಲ್ಲ, ತಯಾರಕರ ಲೆಕ್ಕಕ್ಕೂ ವಿಂಡೋಸ್ ಲೆಕ್ಕಕ್ಕೂ ಇರುವ ವ್ಯತ್ಯಾಸ ಅಷ್ಟೆ. ಈಗ ಸಿ ಡ್ರೈವ್ ಯಾವ ಪಟ್ಟಿಯಲ್ಲಿದೆ ನೋಡಿ. 931ರ ಸಾಲಿನಲ್ಲಿದ್ದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು.

ಸಿ ಡ್ರೈವ್ 223ರ ಸಾಲಿನಲ್ಲೇ ಇದ್ದರೂ ನೋಡಬೇಕಾದ್ದು ಇನ್ನೊಂದಿದೆ. ವಿಂಡೋಸನ್ನು ಎಬ್ಬಿಸುವ ಪುಟ್ಟ ತಂತ್ರಾಂಶ, ಅಂದರೆ ಬೂಟ್‌ಲೋಡರ್, ನೂರರಿಂದ ಐನೂರು ಎಂಬಿಯ ಬೇರೊಂದು ಪಾರ್ಟಿಷನ್ನಿನಲ್ಲಿರುತ್ತದೆ. ‘ಇಎಫ್‌ಐ ಸಿಸ್ಟಂ ಪಾರ್ಟಿಷನ್’ ಅಥವಾ ‘ಸಿಸ್ಟಂ ರಿಸರ್ವ್ಡ್’ ಎಂದು ಬರೆದಿರುವುದು ಅದೇ. ಹಳೆಯ ಡಿಸ್ಕ್ ಜೋಡಿಸಿಟ್ಟುಕೊಂಡೇ ಎಸ್‌ಎಸ್‌ಡಿಗೆ ವಿಂಡೋಸ್ ಹಾಕಿದರೆ, ಇನ್‌ಸ್ಟಾಲರ್ ಹಳೆಯ ಡಿಸ್ಕಿನಲ್ಲಿರುವ ಆ ಪಾರ್ಟಿಷನ್ನನ್ನೇ ಬಳಸಿಕೊಂಡುಬಿಡಬಹುದು. ಆಗ ಪ್ರತಿಸಲವೂ ಹಳೆಯ ಡಿಸ್ಕು ತಿರುಗಿ ಸಿದ್ಧವಾದ ಮೇಲೆಯೇ ಎಸ್‌ಎಸ್‌ಡಿಯ ಸರದಿ. ಹೋಗಲಿ ನಾಲ್ಕೈದು ಸೆಕೆಂಡ್ ಎನ್ನಬಹುದು. ಆದರೆ ಮುಂದೊಂದು ದಿನ ಆ ಡಿಸ್ಕು ಕೆಟ್ಟರೆ ಎಸ್‌ಎಸ್‌ಡಿ ಗಟ್ಟಿಮುಟ್ಟಾಗಿದ್ದರೂ ಕಂಪ್ಯೂಟರ್ ಏಳುವುದಿಲ್ಲ.

ಇದಕ್ಕೆಲ್ಲ ಒಂದೇ ಪರೀಕ್ಷೆ ಸಾಕು. ಕಂಪ್ಯೂಟರ್ ಆಫ್ ಮಾಡಿ ಹಳೆಯ ಡಿಸ್ಕ್ ಕಳಚಿ, ಎಸ್‌ಎಸ್‌ಡಿ ಒಂದನ್ನೇ ಬಿಟ್ಟು ಆನ್ ಮಾಡಿ. ವಿಂಡೋಸ್ ಬಂದರೆ ಎಲ್ಲ ಸರಿಯಿದೆ. ಮೊದಲಿಗಿಂತ ಎಷ್ಟೋ ಬೇಗ ಬಂದರೆ ಹಳೆಯ ಡಿಸ್ಕೇ ಕಳ್ಳ. ಎಷ್ಟೋ ವರ್ಷ ದುಡಿದ ಡಿಸ್ಕಿನಲ್ಲಿ ಓದಲಾಗದ ಸೆಕ್ಟರುಗಳಿದ್ದರೆ ವಿಂಡೋಸ್ ಏಳುವಾಗ ಅದನ್ನು ಮತ್ತೆ ಮತ್ತೆ ಕೆದಕುತ್ತಾ ನಿಂತುಬಿಡುತ್ತದೆ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿ. ಹಳೆಯ ಡಿಸ್ಕಿನ ಮುಂದೆ ಹಳದಿ ಬಣ್ಣದಲ್ಲಿ ‘ಕಾಷನ್’ ಎಂದು ಬಂದರೆ ಅದನ್ನು ಒಳಗಿಟ್ಟುಕೊಂಡು ಸಾಧಿಸುವುದೇನೂ ಇಲ್ಲ. ಎಸ್‌ಎಸ್‌ಡಿ ಒಂದೇ ಇದ್ದಾಗ ‘ಬೂಟ್ ಡಿವೈಸ್ ಸಿಗಲಿಲ್ಲ’ ಎಂಬರ್ಥದ ಸಂದೇಶ ಬಂದರೆ ಬೂಟ್‌ಲೋಡರ್ ಹಳೆಯದರಲ್ಲಿ ಸಿಕ್ಕಿಕೊಂಡಿದೆ ಎಂದೇ ಅರ್ಥ. ಬಿಸಿಡಿಬೂಟ್ ಎಂಬ ಆದೇಶದಿಂದ ಅದನ್ನು ಎಸ್‌ಎಸ್‌ಡಿಗೆ ಹೊಸದಾಗಿ ಬರೆಸಬಹುದು. ಕಮ್ಯಾಂಡ್ ಪ್ರಾಂಪ್ಟ್ ಒಗ್ಗದವರು ಹಳೆಯ ಡಿಸ್ಕನ್ನು ಹೊರಗಿಟ್ಟು ವಿಂಡೋಸನ್ನು ಹೊಸದಾಗಿ ಹಾಕಿಕೊಳ್ಳುವುದು ಒಳ್ಳೆಯದು.

ನನ್ನನ್ನು ಕೇಳಿದರೆ, ಐದಾರು ವರ್ಷ ಬಳಸಿದ ವಿಂಡೋಸನ್ನು ಕ್ಲೋನ್ ಮಾಡಿ ಎಸ್‌ಎಸ್‌ಡಿಗೆ ತರುವುದಕ್ಕಿಂತ ಹೊಸದಾಗಿ ಹಾಕುವುದೇ ಮೇಲು. ಕ್ಲೋನ್ ಮಾಡಿದರೆ ಹಳೆಯ ಡ್ರೈವರು, ಅರ್ಧಂಬರ್ಧ ಅನ್‌ಇನ್‌ಸ್ಟಾಲ್ ಆದ ಆ್ಯಂಟಿವೈರಸ್ಸು, ಎಂದೋ ಮಾರಿದ ಪ್ರಿಂಟರಿನ ತಂತ್ರಾಂಶ ಎಲ್ಲವೂ ಗಂಟುಮೂಟೆ ಕಟ್ಟಿಕೊಂಡು ಹೊಸ ಮನೆಗೂ ಬರುತ್ತವೆ. 8 ಜಿಬಿಯ ಪೆನ್‌ಡ್ರೈವ್ ಇದ್ದರೆ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಅದನ್ನು ಇನ್‌ಸ್ಟಾಲ್ ಮಾಡಬಲ್ಲ ಪೆನ್‌ಡ್ರೈವ್ ಆಗಿಸಿಕೊಡುತ್ತದೆ. ಕಂಪ್ಯೂಟರ್ ಜೊತೆಗೇ ವಿಂಡೋಸ್ ಬಂದಿದ್ದರೆ ಹೊಸ ಕೀ ಕೊಳ್ಳಬೇಕಾಗಿಲ್ಲ, ಲೈಸೆನ್ಸ್ ಡಿಸ್ಕಿಗಲ್ಲ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಹೊಸದಾಗಿ ಹಾಕುವ ಮುಂಚೆ ನಕಲು ಮಾಡಿಕೊಳ್ಳಬೇಕಾದ್ದು ಬರೀ ಫೋಟೊ, ಡಾಕ್ಯುಮೆಂಟುಗಳಲ್ಲ. ಡಿಟಿಪಿ ಮಾಡುವವರು ಫಾಂಟ್ಸ್ ಫೋಲ್ಡರನ್ನು ಮರೆಯಬಾರದು. ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಕೂರಿಸಿದ ಪುಟಗಳು ಆ ಫಾಂಟಿಲ್ಲದೆ ತೆರೆದರೆ ಇಂಗ್ಲಿಷ್ ಅಕ್ಷರಗಳ ಚಿಂದಿಯಾಗಿ ಕಾಣುತ್ತವೆ. ಟ್ಯಾಲಿ ಬಳಸುವವರು ಡೇಟಾ ಫೋಲ್ಡರ್ ಎಲ್ಲಿದೆ ಎಂಬುದನ್ನು ತಂತ್ರಾಂಶದೊಳಗೇ ನೋಡಿ ಖಾತ್ರಿ ಮಾಡಿಕೊಳ್ಳಲಿ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳೂ ಇದೇ ಪಟ್ಟಿಗೆ ಸೇರುತ್ತವೆ.

ಕ್ಯಾಡಿಯ ವಿಚಾರದಲ್ಲಿ ಇನ್ನೊಂದು ಮಾತು. ಹಲವು ಹಳೆಯ ಲ್ಯಾಪ್‌ಟಾಪುಗಳಲ್ಲಿ ಡಿವಿಡಿಯ ಕಿಂಡಿಗೆ ಕೊಟ್ಟಿರುವ ಸಂಪರ್ಕ ಹಾರ್ಡ್ ಡಿಸ್ಕಿನ ಕಿಂಡಿಗಿಂತ ನಿಧಾನದ್ದು, ಕೆಲವು ಮಾದರಿಗಳು ಅಲ್ಲಿಂದ ಬೂಟ್ ಆಗಲು ತಕರಾರನ್ನೂ ತೆಗೆಯುತ್ತವೆ. ಎಸ್‌ಎಸ್‌ಡಿ ಹಾರ್ಡ್ ಡಿಸ್ಕಿನ ಮೂಲ ಜಾಗಕ್ಕೆ, ಹಾರ್ಡ್ ಡಿಸ್ಕು ಕ್ಯಾಡಿಗೆ ಎಂದು ರಿಪೇರಿಯವರಿಗೆ ಮೊದಲೇ ಹೇಳಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲೋ ನಿಮ್ಮೂರಿನ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲೋ ಕ್ಯಾಡಿ ಕೊಳ್ಳುವಾಗ ಡಿವಿಡಿ ಡ್ರೈವಿನ ದಪ್ಪ ಅಳೆದುಕೊಂಡು ಹೋಗಿ. 9.5 ಮಿಲಿಮೀಟರಿನದೂ ಇದೆ, 12.7ರದ್ದೂ ಇದೆ. ಒಂದರ ಬದಲು ಇನ್ನೊಂದು ಕೂರುವುದಿಲ್ಲ.

ಲೋಗೋ ಕದಲದೆ ನಿಂತರೆ

ನಿಮ್ಮ ಚೀಟಿಯಲ್ಲಿ ಮೊದಲ ಭಾಗವೇ ಉದ್ದವಿದ್ದರೆ ಬಯೋಸ್ ಒಳಗೆ ಹೋಗಬೇಕು. ಆನ್ ಮಾಡಿದ ಕೂಡಲೇ ಎಫ್2, ಡಿಲೀಟ್, ಎಫ್10 ಇವುಗಳಲ್ಲಿ ಯಾವುದಾದರೊಂದನ್ನು ಬಿಟ್ಟು ಬಿಟ್ಟು ಒತ್ತಿದರೆ ತೆರೆಯುತ್ತದೆ, ತಯಾರಕರಿಂದ ತಯಾರಕರಿಗೆ ಗುಂಡಿ ಬೇರೆ. ಹೋಗುವ ಮುಂಚೆ ಒಂದು ಎಚ್ಚರಿಕೆ ಕಡ್ಡಾಯ. ಈಚಿನ ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ನಿಮಗೆ ಗೊತ್ತಿಲ್ಲದೆಯೇ ಚಾಲೂ ಆಗಿರಬಹುದು. ಬಯೋಸ್‌ನಲ್ಲಿ ಕೈಯಾಡಿಸಿದರೆ ಮುಂದಿನ ಸಲ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು, ಕೊಡದಿದ್ದರೆ ಒಳಗೆ ಬಿಡುವುದಿಲ್ಲ. ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ಆ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡೇ ಮುಂದುವರಿಯಿರಿ.

ಒಳಗೆ ಹೋದ ಮೇಲೆ ನೋಡಬೇಕಾದ್ದು ಬೂಟ್ ಆರ್ಡರ್. ಎಸ್‌ಎಸ್‌ಡಿಯ ‘ವಿಂಡೋಸ್ ಬೂಟ್ ಮ್ಯಾನೇಜರ್’ ಎಲ್ಲಕ್ಕಿಂತ ಮೇಲಿರಬೇಕು. ಅದರ ಮೇಲೆ ಡಿವಿಡಿ, ಯುಎಸ್‌ಬಿ ಅಥವಾ ನೆಟ್‌ವರ್ಕ್ ಬೂಟ್ ಇದ್ದರೆ ಯಂತ್ರ ಒಂದೊಂದನ್ನೂ ತಟ್ಟಿ ಕೇಳಿಕೊಂಡು ಬರುತ್ತದೆ. ಆನ್ ಮಾಡಿದಾಗ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳಲ್ಲಿ ‘ಸ್ಟಾರ್ಟ್ ಪಿಎಕ್ಸ್‌ಇ ಓವರ್ ಐಪಿವಿ4’ ಎಂಬ ಸಾಲು ಬಂದು ಒಂದಿಷ್ಟು ಹೊತ್ತು ನಿಂತು, ಆಮೇಲೆ ಐಪಿವಿ6 ಎಂದು ಇನ್ನೊಂದು ಸಾಲು ಬಂದು ಮತ್ತೆ ನಿಂತರೆ, ನಿಮ್ಮ ಕಂಪ್ಯೂಟರ್ ಎಲ್ಲೋ ದೂರದ ಸರ್ವರಿನಿಂದ ವಿಂಡೋಸ್ ಸಿಗುತ್ತದೇನೋ ಎಂದು ಕಾಯುತ್ತಿದೆ. ದೊಡ್ಡ ಕಚೇರಿಗಳಿಗೆ ಬೇಕಾದ ಸೌಲಭ್ಯ ಅದು. ಮನೆಯಲ್ಲಿ ಅದನ್ನು ಆಫ್ ಮಾಡಿ. ಅಲ್ಲೇ ‘ಫಾಸ್ಟ್ ಬೂಟ್’ ಎಂಬ ಆಯ್ಕೆ ಇದ್ದರೆ ಆನ್ ಮಾಡಬಹುದು. ಅದು ಪ್ರತಿ ಸಲ ಮಾಡುವ ಕೆಲವು ತಪಾಸಣೆಗಳನ್ನು ಬಿಟ್ಟುಬಿಡುತ್ತದೆ. ಲಗತ್ತಾಗಿರುವ ಬಾಹ್ಯ ಹಾರ್ಡ್ ಡಿಸ್ಕ್, ಕಾರ್ಡ್ ರೀಡರ್, ಪೆನ್‌ಡ್ರೈವ್‌ಗಳನ್ನು ಕಿತ್ತಿಟ್ಟು ಒಮ್ಮೆ ಅಳೆದು ನೋಡುವುದೂ ಒಳ್ಳೆಯದು.

ಹಳೆಯ ಡೆಸ್ಕ್‌ಟಾಪುಗಳಲ್ಲಿ ಇನ್ನೊಂದು ರೋಗ ಬಲು ಸಾಮಾನ್ಯ. ಆನ್ ಮಾಡಿದರೆ ಗಡಿಯಾರ ಎಷ್ಟೋ ವರ್ಷ ಹಿಂದಿನ ಜನವರಿ 1 ತೋರಿಸುತ್ತದೆ, ‘ಮುಂದುವರಿಯಲು ಎಫ್1 ಒತ್ತಿ’ ಎಂಬ ಸಂದೇಶ ಬರುತ್ತದೆ, ಯಾರಾದರೂ ಬಂದು ಒತ್ತುವ ತನಕ ಯಂತ್ರ ಹಾಗೇ ನಿಂತಿರುತ್ತದೆ. ಮದರ್‌ಬೋರ್ಡಿನ ಮೇಲಿರುವ ಸಿಆರ್2032 ಎಂಬ ನಾಣ್ಯದಾಕಾರದ ಸೆಲ್ ಸತ್ತಿರುವುದೇ ಕಾರಣ. ಸ್ವಿಚ್ ಆಫ್ ಮಾಡಿದಾಗಲೆಲ್ಲ, ಕರೆಂಟು ಹೋದಾಗಲೆಲ್ಲ ಬಯೋಸ್ ತನ್ನ ಸೆಟ್ಟಿಂಗು ಮರೆಯುತ್ತದೆ. ನೀವು ಕಷ್ಟಪಟ್ಟು ಸರಿಪಡಿಸಿದ ಬೂಟ್ ಆರ್ಡರೂ ಅದರ ಜೊತೆಗೇ ಹೋಯಿತು. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುವ ಆ ಸೆಲ್ಲನ್ನು ಮೊದಲು ಬದಲಿಸಿ, ಆಮೇಲೆ ಉಳಿದದ್ದು.

ಹೊಚ್ಚ ಹೊಸ ಯಂತ್ರಗಳಲ್ಲೂ ಲೋಗೋ ತಡವಾಗಬಹುದು. ಎಎಂಡಿಯ ಎಎಂ5 ಮದರ್‌ಬೋರ್ಡುಗಳು ಡಿಡಿಆರ್5 ರ್‍ಯಾಮನ್ನು ಪ್ರತಿಸಲ ಹೊಸದಾಗಿ ಪರೀಕ್ಷಿಸಿ ಹೊಂದಿಸಿಕೊಳ್ಳಲು ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದವು. ಬಯೋಸ್ ಅಪ್‌ಡೇಟ್ ಮಾಡಿ ‘ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್’ ಆನ್ ಮಾಡಿದರೆ ಹಿಂದಿನ ಸಲದ ಲೆಕ್ಕವನ್ನೇ ಬಳಸಿಕೊಂಡು ಮುಂದೆ ಹೋಗುತ್ತದೆ. ಆನ್ ಮಾಡಿದ ಮೇಲೆ ಯಂತ್ರ ಹ್ಯಾಂಗ್ ಆಗತೊಡಗಿದರೆ ಮತ್ತೆ ಆಫ್ ಮಾಡಿ.

ಸರಿಯಾಗಿ ಮೂವತ್ತು ಸೆಕೆಂಡ್

ತಡವಾಗುವುದು ಪ್ರತಿಸಲವೂ ಕರಾರುವಾಕ್ಕಾಗಿ 30 ಸೆಕೆಂಡ್ ಎಂದಿದ್ದರೆ, ನೀಲಿ ಪರದೆಯ ಮೇಲೆ ಎರಡು ವಿಂಡೋಸ್‌ಗಳ ಹೆಸರು ತೋರಿಸಿ ‘ಯಾವುದು ಬೇಕು’ ಎಂದು ಕೇಳುತ್ತಿದ್ದರೆ, ಹಳೆಯ ಡಿಸ್ಕಿನ ವಿಂಡೋಸ್ ಇನ್ನೂ ಪಟ್ಟಿಯಲ್ಲಿದೆ. ಯಾರೂ ಏನೂ ಒತ್ತದಿದ್ದರೆ ಆ ಮೆನು ಅರ್ಧ ನಿಮಿಷ ಕಾಯುತ್ತದೆ. ಸಿಸ್ಟಂ ಕಾನ್ಫಿಗರೇಷನ್ ತೆರೆದು, ಬೂಟ್ ಪುಟದಲ್ಲಿ ‘ಕರೆಂಟ್ ಓಎಸ್’ ಎಂದು ಬರೆದಿರುವುದನ್ನು ಬಿಟ್ಟು ಇನ್ನೊಂದನ್ನು ಡಿಲೀಟ್ ಮಾಡಿ. ಇದರಿಂದ ಫೈಲುಗಳು ಅಳಿಯುವುದಿಲ್ಲ, ಮೆನುವಿನ ಸಾಲು ಮಾತ್ರ ಹೋಗುತ್ತದೆ.

ಅದೇ ಪುಟದಲ್ಲಿ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ‘ನಂಬರ್ ಆಫ್ ಪ್ರೊಸೆಸರ್ಸ್’ ಎಂದಿದೆ. ಅದಕ್ಕೆ ಟಿಕ್ ಹಾಕಿ ದೊಡ್ಡ ಸಂಖ್ಯೆ ಆರಿಸಿದರೆ ಕಂಪ್ಯೂಟರ್ ಜಿಂಕೆಯಂತೆ ಓಡುತ್ತದೆ ಎಂದು ಹೇಳುವ ವಿಡಿಯೋಗಳಿಗೆ ಲೆಕ್ಕವಿಲ್ಲ. ವಿಂಡೋಸ್ ಇರುವ ಪ್ರೊಸೆಸರ್ ಕೋರುಗಳನ್ನೆಲ್ಲ ತಾನಾಗಿಯೇ ಬಳಸುತ್ತದೆ. ಆ ಆಯ್ಕೆ ಇರುವುದು ಪರೀಕ್ಷೆಗಾಗಿ ಸಂಖ್ಯೆ ಕಡಿಮೆ ಮಾಡಲು, ಹೆಚ್ಚಿಸಲು ಅಲ್ಲ.

ಚುಕ್ಕೆಗಳು ಸುತ್ತುತ್ತಲೇ ಇದ್ದರೆ

ಎರಡನೆಯ ಭಾಗ ಎಸ್‌ಎಸ್‌ಡಿಯ ಸ್ವಂತ ಸಾಮ್ರಾಜ್ಯ. ಇಲ್ಲೂ ಇಪ್ಪತ್ತು ಸೆಕೆಂಡ್ ಮೀರುತ್ತಿದ್ದರೆ ಹತ್ತು-ಹನ್ನೆರಡು ವರ್ಷ ಹಿಂದಿನ ಯಂತ್ರಗಳಲ್ಲಿ ಬಯೋಸ್‌ನ ಸಾಟಾ ಮೋಡ್ ‘ಐಡಿಇ’ ಎಂದಿದೆಯೇ ನೋಡಿ. ಹಾಗಿದ್ದರೆ ‘ಎಎಚ್‌ಸಿಐ’ ಆಗಬೇಕು. ನೇರವಾಗಿ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ಮಲಗಿಬಿಡಬಹುದು. ಸಿಸ್ಟಂ ಕಾನ್ಫಿಗರೇಷನ್‌ನಲ್ಲಿ ‘ಸೇಫ್ ಬೂಟ್’ಗೆ ಟಿಕ್ ಹಾಕಿ ರೀಸ್ಟಾರ್ಟ್ ಮಾಡಿ, ಬಯೋಸ್‌ಗೆ ಹೋಗಿ ಎಎಚ್‌ಸಿಐ ಆರಿಸಿ, ಸೇಫ್ ಮೋಡ್‌ನಲ್ಲಿ ಒಮ್ಮೆ ಒಳಹೊಕ್ಕು, ಆ ಟಿಕ್ ತೆಗೆದು ಮತ್ತೆ ರೀಸ್ಟಾರ್ಟ್ ಮಾಡುವುದು ಸುರಕ್ಷಿತ ದಾರಿ. ಸೇಫ್ ಮೋಡ್ ನಿಮ್ಮ ನಾಲ್ಕಂಕಿಯ ಪಿನ್ ಒಪ್ಪದೆ ನಿಜವಾದ ಪಾಸ್‌ವರ್ಡನ್ನೇ ಕೇಳಬಹುದು, ನೆನಪಿದೆಯೇ ಎಂದು ಮೊದಲೇ ಖಾತ್ರಿ ಮಾಡಿಕೊಳ್ಳಿ. ಸಾಟಾ ಮೋಡ್ ‘ರೇಡ್’ ಅಥವಾ ‘ಇಂಟೆಲ್ ಆರ್‌ಎಸ್‌ಟಿ’ ಎಂದಿದ್ದರೆ ಮುಟ್ಟುವ ಅಗತ್ಯವಿಲ್ಲ.

ಯಾವ ಡ್ರೈವರು, ಯಾವ ಸರ್ವಿಸ್ಸು ತಡಮಾಡುತ್ತಿದೆ ಎಂಬುದಕ್ಕೆ ಊಹೆ ಬೇಡ. ವಿಂಡೋಸ್ ದಾಖಲೆ ಇಟ್ಟಿರುತ್ತದೆ. ಈವೆಂಟ್ ವ್ಯೂಯರ್ ತೆರೆದು ಅಪ್ಲಿಕೇಷನ್ಸ್ ಅಂಡ್ ಸರ್ವಿಸಸ್ ಲಾಗ್ಸ್, ಮೈಕ್ರೋಸಾಫ್ಟ್, ವಿಂಡೋಸ್, ಡಯಾಗ್ನಾಸ್ಟಿಕ್ಸ್ ಪರ್ಫಾರ್ಮೆನ್ಸ್, ಆಪರೇಷನಲ್ ಎಂದು ಒಂದರೊಳಗೊಂದು ಇಳಿಯುತ್ತಾ ಹೋಗಿ. ಈವೆಂಟ್ ಸಂಖ್ಯೆ 100 ಎಂದಿರುವ ಸಾಲುಗಳು ಒಂದೊಂದು ಬೂಟ್‌ನ ಒಟ್ಟು ಅವಧಿಯನ್ನು ಮಿಲಿಸೆಕೆಂಡಿನಲ್ಲಿ ಹೇಳುತ್ತವೆ: 38000 ಎಂದರೆ 38 ಸೆಕೆಂಡ್. 101 ತಡಮಾಡಿದ ತಂತ್ರಾಂಶ, 102 ಡ್ರೈವರ್, 103 ಸರ್ವಿಸ್. ಒಂದೇ ಹೆಸರು ದಿನಾ ಮರುಕಳಿಸುತ್ತಿದ್ದರೆ ಅದನ್ನು ಅಪ್‌ಡೇಟ್ ಮಾಡಿ, ಇಲ್ಲವೇ ತೆಗೆದುಹಾಕಿ. ನಾನು ಕಂಡಂತೆ ಮೊದಲು ಸಿಕ್ಕಿಬೀಳುವುದು ಎರಡೆರಡು ಆ್ಯಂಟಿವೈರಸ್ ಇಟ್ಟುಕೊಂಡವರು. ಅವಧಿ ಮುಗಿದ ಟ್ರಯಲ್ ಆ್ಯಂಟಿವೈರಸ್ ತೆಗೆದರೆ ವಿಂಡೋಸಿನ ಡಿಫೆಂಡರ್ ತಾನೇ ಕೆಲಸ ವಹಿಸಿಕೊಳ್ಳುತ್ತದೆ.

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಪಾರ್ಟಿಷನ್ ಮಾಡಿದ ಡಿಸ್ಕನ್ನು ಕ್ಲೋನ್ ಮಾಡುತ್ತಲೇ ಬಂದವರು ಸಿಸ್ಟಂ ಇನ್ಫರ್ಮೇಷನ್‌ನಲ್ಲಿ ಪಾರ್ಟಿಷನ್ ಆರಂಭವಾಗುವ ಸಂಖ್ಯೆಯನ್ನೂ ನೋಡಬೇಕು. ಅದು 4096ರಿಂದ ಶೇಷವಿಲ್ಲದೆ ಭಾಗವಾಗಬೇಕು. ಎಕ್ಸ್‌ಪಿಯ ಹಳೆಯ ಲೆಕ್ಕವಾದ 32,256 ಆಗುವುದಿಲ್ಲ, ಇಂದಿನ 10,48,576 ಆಗುತ್ತದೆ. ವಿಂಡೋಸ್ ಹೊಸದಾಗಿ ಹಾಕಿದವರಿಗೆ ಈ ತಲೆನೋವಿಲ್ಲ.

ಫಾಸ್ಟ್ ಸ್ಟಾರ್ಟಪ್ ಬೇಕೇ, ಬೇಡವೇ?

ವಿಂಡೋಸ್ 8ರಿಂದೀಚೆಗೆ ಶಟ್‌ಡೌನ್ ಎಂದರೆ ಪೂರ್ತಿ ಶಟ್‌ಡೌನ್ ಅಲ್ಲ. ನಿಮ್ಮ ತಂತ್ರಾಂಶಗಳನ್ನು ಮುಚ್ಚಿ, ವಿಂಡೋಸಿನ ಒಳತಿರುಳನ್ನು ಮಾತ್ರ ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ, ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲವೂ ಮೊದಲಿನಿಂದ. ಎರಡನ್ನೂ ಅಳೆಯಿರಿ ಎಂದದ್ದು ಇದಕ್ಕೇ. ಹಾರ್ಡ್ ಡಿಸ್ಕಿನ ಕಾಲದಲ್ಲಿ ಈ ಉಪಾಯ ಬಹಳ ಹೊತ್ತು ಉಳಿಸುತ್ತಿತ್ತು. ಎಸ್‌ಎಸ್‌ಡಿಯಲ್ಲಿ ಉಳಿತಾಯ ಕೆಲವೇ ಸೆಕೆಂಡ್. ನಿಮ್ಮ ಚೀಟಿಯಲ್ಲಿ ರೀಸ್ಟಾರ್ಟ್‌ಗಿಂತ ಶಟ್‌ಡೌನ್ ನಂತರದ ಆನ್ ನಿಧಾನವಾಗಿದ್ದರೆ ಯಾವುದೋ ಡ್ರೈವರ್ ಇದಕ್ಕೆ ಹೊಂದುತ್ತಿಲ್ಲ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ‘ಚೂಸ್ ವಾಟ್ ದ ಪವರ್ ಬಟನ್ಸ್ ಡು’ ಎಂಬಲ್ಲಿಗೆ ಹೋಗಿ ಫಾಸ್ಟ್ ಸ್ಟಾರ್ಟಪ್‌ನ ಟಿಕ್ ತೆಗೆಯಿರಿ. ಪಕ್ಕದಲ್ಲಿ ಲಿನಕ್ಸ್ ಕೂಡ ಇಟ್ಟುಕೊಂಡವರಂತೂ ತೆಗೆಯಲೇಬೇಕು, ಇಲ್ಲದಿದ್ದರೆ ಅಲ್ಲಿಂದ ವಿಂಡೋಸ್ ಡ್ರೈವಿಗೆ ಏನೂ ಬರೆಯಲಾಗುವುದಿಲ್ಲ.

ಪಾಸ್‌ವರ್ಡ್ ಒತ್ತಿದ ಮೇಲೆ

ಮೂರನೆಯ ಭಾಗಕ್ಕೆ ಮದ್ದು ಎಲ್ಲರಿಗೂ ಗೊತ್ತಿರುವುದೇ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪುಟದಲ್ಲಿ ‘ಸ್ಟಾರ್ಟಪ್ ಇಂಪ್ಯಾಕ್ಟ್’ ಸಾಲಿನಲ್ಲಿ ‘ಹೈ’ ಎಂದಿರುವವನ್ನು ನೋಡಿ ಡಿಸೇಬಲ್ ಮಾಡಿ. ಇದರಿಂದ ಆ ತಂತ್ರಾಂಶ ಅಳಿಯುವುದಿಲ್ಲ, ಕರೆದಾಗ ಬರುತ್ತದೆ. ವಿಡಿಯೋ ಮೀಟಿಂಗಿನದು, ಹಾಡಿನದು, ಆಟದ ಲಾಂಚರು, ಪ್ರಿಂಟರಿನ ಇಂಕು ತೋರಿಸುವುದು, ಇವು ಯಾವುವೂ ಬೆಳಗ್ಗೆ ಎದ್ದ ತಕ್ಷಣ ಬೇಕಿಲ್ಲ. ಡಿಜಿಟಲ್ ಸಹಿಯ ಟೋಕನ್ ಬಳಸುವವರು ಅದರ ತಂತ್ರಾಂಶವನ್ನು, ಟಚ್‌ಪ್ಯಾಡ್ ಮತ್ತು ಆಡಿಯೊಗೆ ಸೇರಿದವನ್ನು, ದಿನವಿಡೀ ಕನ್ನಡ ಟೈಪ್ ಮಾಡುವವರು ತಮ್ಮ ಕೀಲಿಮಣೆ ತಂತ್ರಾಂಶವನ್ನು ಹಾಗೇ ಬಿಡಲಿ.

ಇಷ್ಟಾದ ಮೇಲೂ ಡೆಸ್ಕ್‌ಟಾಪ್ ಬಂದು ಬ್ರೌಸರ್ ತೆರೆಯಲು ಒದ್ದಾಡಿದರೆ ದೋಷ ರ್‍ಯಾಮಿನದು. ನಮ್ಮ ಮಾದರಿ ಲ್ಯಾಪ್‌ಟಾಪಿನ 4 ಜಿಬಿಯಲ್ಲಿ ವಿಂಡೋಸ್ 10 ಏಳುವಷ್ಟರಲ್ಲೇ ಅರ್ಧ ತುಂಬಿರುತ್ತದೆ. ಎಸ್‌ಎಸ್‌ಡಿ ಹಾಕಿಸುವಾಗಲೇ ಇನ್ನೊಂದು 4 ಜಿಬಿ ಸೇರಿಸಿಬಿಡುವುದು ಜಾಣತನ, ಬಿಚ್ಚುವ ಕೂಲಿ ಒಂದೇ. ಅಂದಹಾಗೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಐದನೇ ತಲೆಮಾರಿನ ಪ್ರೊಸೆಸರು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಆ ವಯಸ್ಸಿನ ಯಂತ್ರಕ್ಕೆ ಎಷ್ಟು ಖರ್ಚು ಮಾಡುವುದು ಎಂದು ತೀರ್ಮಾನಿಸುವಾಗ ಇದೂ ಲೆಕ್ಕದಲ್ಲಿರಲಿ.

ಲಿನಕ್ಸ್ ಹಾಕಿಕೊಂಡವರಿಗೆ ಕೆಲಸ ಇನ್ನೂ ಹಗುರ. ಸಿಸ್ಟಂಡಿ-ಅನಲೈಸ್ ಎಂಬ ಆದೇಶ ಬಯೋಸ್‌ಗೆ ಎಷ್ಟು, ಕರ್ನಲ್ಲಿಗೆ ಎಷ್ಟು, ಉಳಿದದ್ದಕ್ಕೆ ಎಷ್ಟು ಎಂದು ಸೆಕೆಂಡುಗಳ ಲೆಕ್ಕವನ್ನು ಮುಂದಿಡುತ್ತದೆ. ಅದರ ಮುಂದೆ ಬ್ಲೇಮ್ ಎಂದು ಸೇರಿಸಿದರೆ ತಪ್ಪಿತಸ್ಥರ ಪಟ್ಟಿಯೇ ಬರುತ್ತದೆ. ಎಸ್‌ಎಸ್‌ಡಿಗೆ ಬದಲಾದ ಮೇಲೆ ಪರದೆಯಲ್ಲಿ ‘ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್’ ಎಂದು ಬಂದು ಒಂದೂವರೆ ನಿಮಿಷ ಎಣಿಸುತ್ತಿದ್ದರೆ, ತೆಗೆದುಹಾಕಿದ ಹಳೆಯ ಡಿಸ್ಕಿನ ಪಾರ್ಟಿಷನ್, ಹೆಚ್ಚಾಗಿ ಸ್ವಾಪ್, ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಇನ್ನೂ ಇದೆ. ಆ ಸಾಲಿನ ಮುಂದೆ ಒಂದು ಹ್ಯಾಷ್ ಚಿಹ್ನೆ ಹಾಕಿದರೆ 90 ಸೆಕೆಂಡ್ ಅಷ್ಟಕ್ಕೇ ಮಾಯ.

ಮಾಡಬಾರದ್ದನ್ನೂ ಹೇಳಿಬಿಡುತ್ತೇನೆ. ರಿಜಿಸ್ಟ್ರಿ ಕ್ಲೀನರು, ‘ಪಿಸಿ ಬೂಸ್ಟರು’ಗಳನ್ನು ಹಾಕಬೇಡಿ, ಅವೇ ಸ್ಟಾರ್ಟಪ್ ಪಟ್ಟಿಯಲ್ಲಿ ಸೇರಿಕೊಂಡು ಹೊರೆಯಾಗುತ್ತವೆ. ಪೇಜ್‌ಫೈಲ್ ಆಫ್ ಮಾಡಬೇಡಿ. ಹೊರಗಿನ ಡಿಫ್ರಾಗ್ ತಂತ್ರಾಂಶ ಓಡಿಸಬೇಡಿ. ವಿಂಡೋಸಿನ ‘ಆಪ್ಟಿಮೈಜ್ ಡ್ರೈವ್ಸ್’ ತೆರೆದು ಡ್ರೈವಿನ ಮುಂದೆ ‘ಸಾಲಿಡ್ ಸ್ಟೇಟ್ ಡ್ರೈವ್’ ಎಂದು ಬರೆದಿದ್ದರೆ ಸಾಕು, ಟ್ರಿಮ್ ಎಂಬ ಶುಚಿಕಾರ್ಯವನ್ನು ಅದು ವೇಳಾಪಟ್ಟಿಯಂತೆ ತಾನೇ ಮಾಡುತ್ತದೆ. ಡ್ರೈವಿನಲ್ಲಿ ಶೇಕಡ 10ರಿಂದ 20ರಷ್ಟು ಜಾಗ ಖಾಲಿ ಬಿಡಿ. ಕಂಠಮಟ್ಟ ತುಂಬಿದ ಅಗ್ಗದ ಎಸ್‌ಎಸ್‌ಡಿ ಬರೆಯುವಾಗ ಹಾರ್ಡ್ ಡಿಸ್ಕಿಗಿಂತ ಕಡೆಯಾಗುವುದುಂಟು.

ಇನ್ನು ಹಳೆಯ ಹಾರ್ಡ್ ಡಿಸ್ಕು. ಆರೋಗ್ಯವಾಗಿದ್ದರೆ ಅದಕ್ಕೊಂದು ಯುಎಸ್‌ಬಿ ಕೇಸ್ ಕೊಂಡು ಬ್ಯಾಕಪ್‌ಗೆ ಇಟ್ಟುಕೊಳ್ಳಿ. ಹಾರ್ಡ್ ಡಿಸ್ಕು ಸಾಯುವ ಮುಂಚೆ ಸಾಮಾನ್ಯವಾಗಿ ಕಟಕಟ ಸದ್ದು ಮಾಡಿಯೋ ನಿಧಾನವಾಗಿಯೋ ಸೂಚನೆ ಕೊಡುತ್ತದೆ. ಎಸ್‌ಎಸ್‌ಡಿ ಎಷ್ಟೋ ಸಲ ಸದ್ದಿಲ್ಲದೆ ಹೋಗುತ್ತದೆ, ಟ್ರಿಮ್ ಆದ ಡ್ರೈವಿನಿಂದ ಅಳಿಸಿದ ಫೈಲು ಮರಳಿ ಪಡೆಯುವುದೂ ಕಷ್ಟ. ಹೊಸ ವ್ಯವಸ್ಥೆಯಲ್ಲಿ ತಿಂಗಳೊಂದು ಕಳೆದು, ಬೇಕಾದ ಫೈಲುಗಳೆಲ್ಲ ಬಂದಿವೆ ಎಂದು ಖಾತ್ರಿಯಾಗುವ ತನಕ ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಡಿ.